ಬಿಸಿಯೋ, ಖಾರವೋ?

ಈ ವಾರ ಮಂಗಳೂರಿನ ಒಂದು ಗೇರುಬೀಜ ಪ್ಯಾಕಿಂಗ್ ಘಟಕದಲ್ಲಿ, ಸ್ಪೇನಿಗೆ ಹೋಗುವ ಲೇಬಲ್ಲಿನ ಪ್ರೂಫ್ ಮೇಜಿನ ಮೇಲಿತ್ತು. ಮೆಣಸಿನಪುಡಿ ಹಚ್ಚಿ ಹುರಿದ ಬೀಜ. ಇಂಗ್ಲಿಷಿನಲ್ಲಿ 'ಹಾಟ್', ಅದರ ಕೆಳಗೆ ಸ್ಪ್ಯಾನಿಷಿನಲ್ಲಿ 'ಕಾಲಿಯೆಂತೆ'. ಅಂದರೆ ಮುಟ್ಟಿದರೆ ಸುಡುವ ಬೀಜ!

"ಡಿಕ್ಷನರಿಯಲ್ಲಿ ಮೊದಲಿಗೆ ಅದೇ ಉಂಟಲ್ಲ ಮೇಡಂ?" ಎಂದ ಲೇಬಲ್ ಮಾಡಿದ ಹುಡುಗ. ಚುರುಕಿನ ಹುಡುಗ, ಸೋಮಾರಿಯಲ್ಲ. ಮಾಲೀಕರು "ಬಿಡಿ ಮಾರಾಯ್ರೇ, ಅವರಿಗೆ ಅರ್ಥ ಆಗ್ತದೆ" ಅಂದದ್ದೇ ಹೆಚ್ಚು ಬೇಸರವಾಯಿತು.

ಮೊದಲಿಗೆ ಅದೇ ಉಂಟು, ನಿಜ. ಆದರೆ ನಿಘಂಟು ಮೊದಲಿಗೆ ಕೊಡುವುದು ಸಾಮಾನ್ಯ ಅರ್ಥ. ನಮ್ಮ ಪೊಟ್ಟಣದಲ್ಲಿ ಏನಿದೆ ಎಂದು ಅದಕ್ಕೆ ಹೇಗೆ ಗೊತ್ತು? ಒಮ್ಮೆ ಕನ್ನಡದಲ್ಲಿ ಕೇಳಿಕೊಂಡಿದ್ದರೆ ಸಾಕಿತ್ತು: ಬಿಸಿಯೋ, ಖಾರವೋ? ಬಿಸಿಗೆ ಕಾಲಿಯೆಂತೆ, ಖಾರಕ್ಕೆ ಪಿಕಾಂತೆ. 'ರೋಸ್ಟೆಡ್' ಕೂಡ ಹಾಗೆಯೇ. ಹುರಿದ ಬೀಜಕ್ಕೆ ತೊಸ್ತಾದೊ, ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ಅಸಾದೊ. ಇಂಗ್ಲಿಷಿನ 'ನೋ' (know, ಗೊತ್ತಿರು) ಎಂಬ ಕ್ರಿಯಾಪದ? ಸಂಗತಿ ಗೊತ್ತಿದ್ದರೆ ಸಾಬೇರ್, ಜನರ ಪರಿಚಯವಿದ್ದರೆ ಕೊನೊಸೇರ್. ಬೇರೆ ಭಾಷೆ ಕಲಿಯುವಾಗ ನಡುವೆ ಕನ್ನಡ ತರಬಾರದು ಎನ್ನುವ ಮೇಷ್ಟ್ರುಗಳ ಮಾತು ನನಗಂತೂ ಒಪ್ಪಿಗೆಯಿಲ್ಲ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಮಲ್ಪೆಯ ಕಡಲಲ್ಲಿ ಈಜುವ ಬಂಗುಡೆಯೂ ನಮಗೆ ಮೀನೇ, ಬುಟ್ಟಿಗೆ ಬಿದ್ದದ್ದೂ ಮೀನೇ. ಸ್ಪ್ಯಾನಿಷಿನಲ್ಲಿ ನೀರಿನಲ್ಲಿರುವುದು ಪೆಸ್, ಹಿಡಿದು ಅಡುಗೆಗೆ ಬಂದದ್ದು ಪೆಸ್ಕಾದೊ. ಹಾಗಾಗಿ ಉಲ್ಟಾ ಪರೀಕ್ಷೆಯೂ ಬೇಕು: ಸಿಕ್ಕಿದ ಸ್ಪ್ಯಾನಿಷ್ ಪದವನ್ನು ಸ್ಪ್ಯಾನಿಷ್-ಇಂಗ್ಲಿಷ್ ಭಾಗದಲ್ಲಿ ಮತ್ತೆ ತೆಗೆದು, ಅಲ್ಲಿನ ಉದಾಹರಣೆ ವಾಕ್ಯದಲ್ಲಿ ನಮ್ಮ ಸರಕು ಕೂರುತ್ತದಾ ಎಂದು ನೋಡಬೇಕು. ಎರಡು ನಿಮಿಷದ ಕೆಲಸ.

ಆಮೇಲೆ ಸರಕು ಇಳಿಯುವ ದೇಶ ಯಾವುದು ಅಂತ ಕೇಳಬೇಕು. ಗೇರುಬೀಜ ಸ್ಪೇನಿನಲ್ಲಿ ಅನಕಾರ್ದೊ, ಕೊಲಂಬಿಯಾದಲ್ಲಿ ಮರನ್ಯೋನ್, ವೆನೆಜುವೆಲಾದಲ್ಲಿ ಮೆರೇಯ್. ಮೆಕ್ಸಿಕೋದಲ್ಲಿ 'ನುಯೆಸ್ ದೆ ಲಾ ಇಂದಿಯಾ', ಅಂದರೆ ಭಾರತದ ಬೀಜ. ಬ್ರೆಜಿಲಿನಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಮರ, ಅಲ್ಲಿಯವರ ಬಾಯಲ್ಲಿ ನಮ್ಮದಾಗಿದೆ! ಬೀಜದ ಸಿಪ್ಪೆಗೆ ಕಾಸ್ಕರಾ ಎಂದೇ ಬರೆಯಬೇಕು. ಇಂಗ್ಲಿಷಿನ 'ಶೆಲ್' ನೋಡಿ ಕೋಂಚಾ ಎಂದು ಹಾಕಿದರೆ ಅದು ಕಡಲ ಚಿಪ್ಪಾಗುತ್ತದೆ. ಅರ್ಜೆಂಟೀನಾದಲ್ಲಂತೂ ಅದು ಬೈಗುಳದ ಪದ.

ಕೊನೆಗೆ ಲೇಬಲ್ಲಿನಲ್ಲಿ ಉಳಿದದ್ದು 'ಅನಕಾರ್ದೊಸ್ ತೊಸ್ತಾದೊಸ್ ಪಿಕಾಂತೆಸ್'. ಬೀಜ ಬಹುವಚನ, ಹಾಗಾಗಿ ಗುಣವಾಚಕಕ್ಕೂ ಕೊನೆಯಲ್ಲಿ ಎಸ್ ಬೇಕು. ತಿದ್ದಿ ಬರೆಯುವಾಗ ಹುಡುಗ ಪಿಕಾಂತೆಗೆ ಅದನ್ನು ಬಿಟ್ಟಿದ್ದ. ಪೆನ್ನಿನಲ್ಲಿ ಸೇರಿಸಿ, ಪ್ರೂಫನ್ನು ಪ್ರೆಸ್ಸಿಗೆ ವಾಪಸ್ ಕಳಿಸಿದೆವು.