ಅಜ್ಜನ ಬಂದೂಕಿನ ಮರ: ಎಣ್ಣೆ ಬಿಡಿಸುವ ಕೆಲಸ ಇಲ್ಲಿಯವರೆಗೆ

ಮೊದಲ ಭಾನುವಾರ

ಜಗಳೂರು ಕಡೆಯ ನಮ್ಮ ಹೊಲದಲ್ಲಿ ಮೆಕ್ಕೆಜೋಳ ತೆನೆ ಕಟ್ಟಿತೆಂದರೆ ಕಾಡುಹಂದಿ ಕಾಟ. ಅದಕ್ಕೇ ಅಜ್ಜ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ತೋಟಾ ಬಂದೂಕು ಇಟ್ಟುಕೊಂಡಿದ್ದರು. ಅಜ್ಜ ಹೋದ ಮೇಲೆ ಲೈಸೆನ್ಸ್ ಅಪ್ಪಾಜಿ ಹೆಸರಿಗಾಯಿತು. ಈಗ ಚುನಾವಣೆ ಬಂದರೆ ಸ್ಟೇಷನ್ನಿಗೆ ಒಪ್ಪಿಸುವುದು, ಮುಗಿದರೆ ವಾಪಸ್ ತರುವುದು, ಅಷ್ಟೇ ಅದರ ಓಡಾಟ. ಕಳೆದ ಸಲ ತಂದಾಗ ಹಿಡಿದ ಕೈಗೆ ಜಿಡ್ಡು ಹತ್ತಿತು. ಮರ ಕರ್ರಗಾಗಿತ್ತು.

ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೇ ಬಿಚ್ಚಿಸಿದೆವು. ಹಿಂಬದಿಯ ತಗಡಿನ ಎರಡು ಸ್ಕ್ರೂ ತೆಗೆದರೆ ಒಳಗೆ ಆಳದಲ್ಲಿ ಉದ್ದದ ಬೋಲ್ಟು, ಅದು ಸಡಿಲವಾದರೆ ಮರ ಬೇರೆ. ನಳಿಗೆ, ಕಬ್ಬಿಣದ ಭಾಗಗಳನ್ನೆಲ್ಲ ರಸೀದಿ ಮಾಡಿಸಿ ಅಂಗಡಿಯಲ್ಲೇ ಬಿಟ್ಟು, ಮರ ಮಾತ್ರ ದಾವಣಗೆರೆ ಮನೆಗೆ ತಂದೆ.

ಕಬ್ಬಿಣ ಕೂರುವ ಜಾಗ ನೋಡಿದಾಗಲೇ ಕಾರಣ ಗೊತ್ತಾಯಿತು. ಅಲ್ಲಿ ಉಗುರು ಊರಿದರೆ ಗುರುತು ಬೀಳುತ್ತದೆ, ಅಷ್ಟು ಮೆತ್ತಗೆ. ಅಜ್ಜ ಪ್ರತಿ ಅಮಾವಾಸ್ಯೆಗೆ ಬಂದೂಕು ಒರೆಸಿ, ಮಷೀನ್ ಎಣ್ಣೆ ಧಾರಾಳವಾಗಿ ಬಿಟ್ಟು, ನಳಿಗೆ ಮೇಲೆ ಮಾಡಿ ಮೂಲೆಗೆ ಒರಗಿಸುತ್ತಿದ್ದರು. ಹೆಚ್ಚಾದ ಎಣ್ಣೆಯೆಲ್ಲ ಇಳಿದು ಇಳಿದು ಮರಕ್ಕೆ ಸೇರಿತು. ಅಗಸೆ ಎಣ್ಣೆಯಾದರೆ ಗಾಳಿ ತಾಗಿ ಗಟ್ಟಿಯಾಗುತ್ತದೆ, ಮಷೀನ್ ಎಣ್ಣೆ ಎಂದಿಗೂ ಒಣಗದು. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ, ಗುಂಡು ಹೊಡೆದಾಗಿನ ಒದೆತಕ್ಕೆ ಕಬ್ಬಿಣ ಹಿಂದಕ್ಕೆ ಗುದ್ದಿ ಗುದ್ದಿ ಅದೇ ಜಾಗದಲ್ಲಿ ಸೀಳು ಬಿಡುತ್ತದೆ. ಬಂದೂಕನ್ನು ನಳಿಗೆ ಕೆಳಗೆ ಮಾಡಿ ನಿಲ್ಲಿಸಬೇಕು ಎನ್ನುವುದು ಇದಕ್ಕೇ.

ಎರಡನೇ ವಾರ

ಮೇಲಿನ ಪಾಲಿಷ್ ಯಾವುದು ಅಂತ ಮೊದಲು ತಿಳಿಯಬೇಕಿತ್ತು. ತಗಡಿನ ಹತ್ತಿರ ಕಾಣದ ಜಾಗದಲ್ಲಿ ಹತ್ತಿಯಿಂದ ಸ್ಪಿರಿಟ್ ಒತ್ತಿದೆ. ಅರಗಿನ ಪಾಲಿಷ್ ಆಗಿದ್ದರೆ ಅಂಟಂಟಾಗಬೇಕು, ಆಗಲಿಲ್ಲ. ತಿನ್ನರ್ ಒತ್ತಿದರೆ ಸ್ವಲ್ಪ ಸುಕ್ಕುಗಟ್ಟಿತು, ಕರಗಲಿಲ್ಲ. ಅಪ್ಪಾಜಿಯನ್ನು ಕೇಳಿದರೆ, ಹಿಂದೆ ಬಾಗಿಲಿಗೆ ಹೊಡೆದು ಉಳಿದ ವಾರ್ನಿಷ್ ಅದಕ್ಕೂ ಒಂದು ಕೈ ಹೊಡೆದಿದ್ದೆ ಅಂದರು.

ಅಂಗಡಿಯಲ್ಲೊಬ್ಬರು ಕಾಸ್ಟಿಕ್ ಸೋಡಾ ನೀರಲ್ಲಿ ಅದ್ದಿಬಿಡಿ ಅಂದಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಇದು ಅಕ್ರೂಟು ಮರ, ಒಗರು ಜಾಸ್ತಿ. ಕ್ಷಾರ ತಾಗಿದರೆ ಕಪ್ಪಾಗುತ್ತದೆ, ಎಳೆ ಸಡಿಲಾಗುತ್ತದೆ. ಪೇಂಟ್ ರಿಮೂವರ್ ತಂದು, ರಬ್ಬರ್ ಗ್ಲೌಸ್ ಹಾಕಿಕೊಂಡು ಹಿತ್ತಲಲ್ಲಿ ಬಳಿದೆ. ಕಾಲು ಗಂಟೆಗೆ ವಾರ್ನಿಷ್ ಹಾಲಿನ ಕೆನೆ ಹಾಗೆ ಎದ್ದಿತು. ಬಿದಿರಿನ ಚಕ್ಕೆಯಿಂದ ಕೆರೆದೆ. ಚಾಕು, ಉಳಿ ಏನೂ ಮುಟ್ಟಿಸಲಿಲ್ಲ. ಹಿಡಿಯ ಚೌಕುಳಿ ಗೀರುಗಳಿಗೆ ಹಳೇ ಟೂತ್ ಬ್ರಷ್ ಸಾಕಾಯಿತು.

ಮೂರರಿಂದ ಐದನೇ ವಾರ

ನಿಜವಾದ ಕೆಲಸ ಇದು. ಮಂಡಿಪೇಟೆಯಿಂದ ಪೇಂಟಿನವರು ಲಪ್ಪಕ್ಕೆ ಬಳಸುವ ಚಾಕ್ ಪೌಡರ್ ತಂದೆ. ಅಸಿಟೋನಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಕಪ್ಪಾದ ಕಡೆಯೆಲ್ಲ ದಪ್ಪಗೆ ಬಳಿಯುವುದು. ಅಸಿಟೋನ್ ಒಳಗಿಳಿದು ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ, ಅದು ಆರುವಾಗ ಎಣ್ಣೆ ಮೇಲೆ ಬರುತ್ತದೆ, ಚಾಕ್ ಪುಡಿ ಹೀರಿಕೊಳ್ಳುತ್ತದೆ. ಮೊದಲ ಸಲ ಅಚ್ಚ ಬಿಳಿ ಬಳಿದದ್ದು ಒಣಗುವಷ್ಟರಲ್ಲಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕೆರೆದು ತೆಗೆದ ಪುಡಿಯನ್ನು ಹಿಸುಕಿದರೆ ಬೆರಳು ಜಿಡ್ಡು.

ಅಸಿಟೋನ್ ಪೂರ್ತಿ ಆರಿದ ಮೇಲೆ ಪೇಪರ್ ಸುತ್ತಿ, ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಮಾಳಿಗೆ ಮೇಲಿಟ್ಟೆ. ನಮ್ಮೂರ ಏಪ್ರಿಲ್ ಬಿಸಿಲು ಕೇಳಬೇಕೆ! ಮೂರು ಗಂಟೆ ಬಿಟ್ಟು ಬಿಚ್ಚಿದರೆ ಮರ ಬೆವೆತಿತ್ತು, ಸಣ್ಣ ಸಣ್ಣ ಹನಿ. ಬಟ್ಟೆಯಲ್ಲಿ ಒರೆಸಿ ಮತ್ತೆ ಪುಡಿ. ಹೀಗೆ ಒಂಬತ್ತು ಸಲ. ಏಳನೇ ಸಲಕ್ಕೆ ಪುಡಿ ತಿಳಿ ಹಳದಿ, ಒಂಬತ್ತಕ್ಕೆ ಬಿಳಿಯಾಗೇ ಉಳಿಯಿತು.

ಎಣ್ಣೆ ಹೋದ ಮೇಲೆ ಎರಡು ಸಂಗತಿ ಕಂಡವು. ಒಂದು, ಹಿಡಿಯ ಮೇಲ್ಭಾಗದಲ್ಲಿ ಒಂದಂಗುಲ ಸೀಳು, ಅಂದುಕೊಂಡ ಜಾಗದಲ್ಲೇ. ಎಣ್ಣೆ ಇರುವವರೆಗೆ ಯಾವ ಅಂಟೂ ಹಿಡಿಯುತ್ತಿರಲಿಲ್ಲ. ಇನ್ನೊಮ್ಮೆ ಅಸಿಟೋನಿನಿಂದ ತೊಳೆದು, ಆರಿಸಿ, ಅರಾಲ್ಡೈಟ್ ಇಳಿಸಿ, ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಿ ಒಂದು ದಿನ ಬಿಟ್ಟೆ.

ಇನ್ನೊಂದು, ಎಡಮಗ್ಗುಲಲ್ಲಿ ಬೆರಳಗಲದ ನಾಲ್ಕು ಕಂದು ಕಲೆ, ಒಂದರ ಕೆಳಗೊಂದು. ಮರಗೆಲಸದ ಆಚಾರ್ರಿಗೆ ತೋರಿಸಿದೆ. ಅವರು ಮೂಸಿ, ಹೆಬ್ಬೆರಳಿಂದ ಉಜ್ಜಿ, “ನಿಮ್ಮಜ್ಜ ಎಲಿಅಡಿಕಿ ಹಾಕ್ತಿದ್ರೇನಪಾ?” ಅಂದರು. ಹೌದು! ಎಲೆಗೆ ಹಚ್ಚಿ ಉಳಿದ ಸುಣ್ಣವನ್ನು ಅಜ್ಜ ಕಂಬಕ್ಕೆ ಒರೆಸುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ರಾತ್ರಿ ಹೊಲದ ಅಟ್ಟಣೆ ಮೇಲೆ ಕಂಬ ಎಲ್ಲಿತ್ತು? ಸುಣ್ಣವೂ ಕ್ಷಾರವೇ, ಒಗರಿನ ಮರವನ್ನು ಕಪ್ಪು ಮಾಡುತ್ತದೆ. “ಆಕ್ಸಾಲಿಕ್ ಹಾಕಿ ನೋಡೋಣೇನು?” ಅಂತ ಕೇಳಿದರು, ಮರದ ಕಲೆ ತೆಗೆಯುವ ಆಸಿಡ್ ಅದು. ಬೇಡ ಆಚಾರ್ರೇ, ಇದೊಂದು ಇರಲಿ ಅಂದೆ. ಆ ನಾಲ್ಕು ಕಲೆಯ ಮೇಲೆ ಉಪ್ಪುಕಾಗದವನ್ನೂ ಆಡಿಸಿಲ್ಲ.

ಆರನೇ ವಾರ

ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದೆ. ಎಳೆ ತುಂಡಾಗಿರದಿದ್ದರೆ ಹಬೆಗೆ ಉಬ್ಬಿ ಸಮವಾಗುತ್ತದೆ. ಮೂರರಲ್ಲಿ ಎರಡು ಎದ್ದವು. ಆಮೇಲೆ 320 ನಂಬರಿನ ಕಾಗದ, ಎಳೆಯ ನೇರಕ್ಕೆ ಮಾತ್ರ.

ಇಲ್ಲೊಂದು ತಪ್ಪು ಮಾಡಿದೆ. ಹಿಂಬದಿಯ ತಗಡು ಕೂರಿಸದೆ ಉಜ್ಜಿದ್ದರಿಂದ ಮರದ ಅಂಚು ಸವೆದು, ಈಗ ತಗಡು ಕೂದಲೆಳೆಯಷ್ಟು ಹೊರಗೆ ನಿಲ್ಲುತ್ತದೆ. ತಗಡು ಹಾಕಿಯೇ ಉಜ್ಜಬೇಕಿತ್ತು. ಕಬ್ಬಿಣ ಸೇರುವ ಅಂಚನ್ನಂತೂ ಮುಟ್ಟಿಲ್ಲ.

ಬಾಯ್ಲ್ಡ್ ಅಗಸೆ ಎಣ್ಣೆಯ ಮೊದಲ ಕೈ ನಿನ್ನೆ ಆಯಿತು. ಅಂಗೈಯಿಂದ ತೆಳ್ಳಗೆ ಉಜ್ಜಿ, ಇಪ್ಪತ್ತು ನಿಮಿಷಕ್ಕೆ ಉಳಿದದ್ದೆಲ್ಲ ಒರೆಸಿದೆ. ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಿದರೆ ತಾನೇ ಕಾದು ಬೆಂಕಿ ಹತ್ತಬಹುದು, ಅದಕ್ಕೆ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟಿದ್ದೇನೆ. ಕಬ್ಬಿಣ ಕೂರುವ ಒಳಭಾಗಕ್ಕೂ ತೆಳುವಾಗಿ ಹಚ್ಚಿದೆ, ಮತ್ತೆ ಎಣ್ಣೆ ಇಳಿಯದಿರಲಿ ಅಂತ.

ಕಪ್ಪು ಮರದೊಳಗಿಂದ ಜೇನಿನ ಬಣ್ಣ ಬಂದಿದೆ, ನಡುವೆ ಹೊಗೆ ಎಳೆದಂಥ ಗೆರೆ. ಅಪ್ಪಾಜಿ ಬೆಳಿಗ್ಗೆ ಎದ್ದವರು ಚಹಾ ಲೋಟ ಹಿಡಿದುಕೊಂಡೇ ಬಂದು ನೋಡಿದರು, ಆ ನಾಲ್ಕು ಕಲೆಗಳ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಎರಡನೇ ಕೈ ನಾಳೆ ಸಂಜೆ.