"ನೆಟ್ ಹೋಯ್ತು" ಅನ್ನುವ ಮೊದಲು ಮೋಡೆಮ್ಮಿನ ದೀಪ ನೋಡಿ

ಮಲೆನಾಡಿನಲ್ಲಿ "ನೆಟ್ ಹೋಯ್ತು" ಅನ್ನೋದು ಒಂದೇ ಮಾತು. ಅದರ ಹಿಂದಿನ ಕಾರಣ ಮಾತ್ರ ನಾಲ್ಕೈದು. ಕಂಬದಿಂದ ಮನೆಗೆ ಬರುವ ಕೇಬಲ್ ತುಂಡಾಗಿರಬಹುದು, ಆಚೆ ಬದಿಯ, ಅಂದರೆ ಕಂಪನಿ ಕಡೆಯ ಯಂತ್ರಕ್ಕೇ ಕರೆಂಟ್ ಇಲ್ಲದಿರಬಹುದು, ದುಡ್ಡು ಕಟ್ಟುವ ದಿನ ದಾಟಿರಬಹುದು, ಇಲ್ಲವೇ ನೆಟ್ ಸರಿಯಾಗೇ ಇದ್ದು ವೈಫೈ ಮಾತ್ರ ನಡುಮನೆಯ ಗೋಡೆ ದಾಟದೆ ನಿಂತಿರಬಹುದು. ಆರಿದ್ರಾ ಮಳೆ ಹೊಯ್ಯುವಾಗ ಲೈನ್ ನೋಡುವ ಹುಡುಗನಿಗೆ ಫೋನ್ ಮಾಡಿ "ಬರ್ತಾ ಇಲ್ಲ ಮಾರಾಯಾ" ಅಂದರೆ ಅವನಿಗೆ ಗೊತ್ತಾಗುವುದು ಏನೂ ಇಲ್ಲ. ಎಲ್ಲಿ ಕೆಟ್ಟಿದೆ ಅಂತ ಹೇಳಿದರೆ ಸರಿಯಾದ ಸಾಮಾನು ಹಿಡಿದುಕೊಂಡು ಬರುತ್ತಾನೆ, ಎರಡನೇ ಸಲ ಗುಡ್ಡ ಹತ್ತುವುದು ತಪ್ಪುತ್ತದೆ.

ಫೈಬರ್ ಮೋಡೆಮ್ಮಿನಲ್ಲಿ ಮುಖ್ಯವಾಗಿ ನೋಡಬೇಕಾದ ದೀಪ ಎರಡು: ಪಾನ್ (PON) ಮತ್ತು ಎಲ್‌ಒಎಸ್ (LOS). ಎಲ್‌ಒಎಸ್ ಕೆಂಪಗೆ ಮಿಣುಕುತ್ತಿದ್ದರೆ ಮನೆಗೆ ಬೆಳಕೇ ತಲುಪುತ್ತಿಲ್ಲ. ಆಗ ಪಕ್ಕದ ಮನೆಯವರನ್ನು ಕೇಳಿ. ಅವರದ್ದೂ ಕೆಂಪಾಗಿದ್ದರೆ ತೊಂದರೆ ರಸ್ತೆಯ ಮುಖ್ಯ ಕೇಬಲ್‌ನಲ್ಲಿ. ನಿಮ್ಮದೊಂದೇ ಕೆಂಪಾಗಿದ್ದರೆ ಕಂಬದಿಂದ ನಿಮ್ಮ ಗೋಡೆಯವರೆಗಿನ ತುಂಡಿನಲ್ಲಿ. ಎಲ್‌ಒಎಸ್ ಆರಿದ್ದು ಪಾನ್ ಮಾತ್ರ ಮಿಣುಕುತ್ತಿದ್ದರೆ ಬೆಳಕು ಬರುತ್ತಿದೆ, ಆದರೆ ಆಚೆಯ ಯಂತ್ರ ನಿಮ್ಮ ಮೋಡೆಮ್ಮನ್ನು ಇನ್ನೂ ಒಪ್ಪಿಕೊಂಡಿಲ್ಲ. ಪಾನ್ ಹಸಿರಾಗಿ ನಿಂತಿದ್ದೂ ಇಂಟರ್‌ನೆಟ್ ದೀಪ ಹತ್ತದಿದ್ದರೆ ಲಾಗಿನ್ ಆಗುತ್ತಿಲ್ಲ ಎಂದರ್ಥ. ಮೊದಲು ಬಿಲ್ ನೋಡಿ.

ಮೋಡೆಮ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿ, ಮೂರು ನಿಮಿಷ ಕಾಯಿರಿ. ಅಷ್ಟು ಸಾಕು. ಹಿಂದಿರುವ ಸೂಜಿ ತೂತಿನ ರೀಸೆಟ್ ಒತ್ತಲೇಬೇಡಿ. ಅದನ್ನು ಹತ್ತು ಸೆಕೆಂಡ್ ಒತ್ತಿದರೆ ಬಳಕೆದಾರರ ಹೆಸರು, ಪಾಸ್‌ವರ್ಡ್, ಕಂಪನಿಯವರು ಹಾಕಿಕೊಟ್ಟ ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗುತ್ತದೆ. ಒಂದು ಗಂಟೆಯಲ್ಲಿ ತಾನಾಗಿ ಸರಿಹೋಗಬಹುದಾಗಿದ್ದ ತೊಂದರೆ, ಆಮೇಲೆ ಜನ ಬಂದು ಕೂತು ಸೆಟ್ ಮಾಡುವವರೆಗೆ ಬಗೆಹರಿಯುವುದಿಲ್ಲ.

ದೀಪಗಳೆಲ್ಲ ಸರಿ ಇದ್ದೂ ಪುಟ ತೆರೆಯದಿದ್ದರೆ ಕಂಪ್ಯೂಟರ್ ಮುಂದೆ ಕೂರಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ (cmd) ಎಂದು ಕೊಟ್ಟರೆ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಪಿಂಗ್ (ping) ಎಂದು ಬರೆದು, ಒಂದು ಜಾಗ ಬಿಟ್ಟು 192.168.1.1 ಎಂದು ಕೊಡಿ. (ನಿಮ್ಮ ಮೋಡೆಮ್ಮಿನ ವಿಳಾಸ ಬೇರೆ ಇದ್ದರೆ ಐಪಿಕಾನ್ಫಿಗ್, ಅಂದರೆ ipconfig, ಕೊಟ್ಟಾಗ ಡಿಫಾಲ್ಟ್ ಗೇಟ್‌ವೇ ಎದುರು ಕಾಣುತ್ತದೆ.) ಇದಕ್ಕೇ ಉತ್ತರ ಬಾರದಿದ್ದರೆ, ಅಥವಾ ಒಮ್ಮೆ 3 ಮಿಲಿಸೆಕೆಂಡ್ ಒಮ್ಮೆ 400 ಬಂದರೆ, ಕೆಟ್ಟಿರುವುದು ಮನೆಯೊಳಗಿನ ವೈಫೈ; ಕಂಪನಿಯನ್ನು ಬೈಯುವ ಹಾಗಿಲ್ಲ. ಉತ್ತರ ಬಂದರೆ ಮುಂದೆ 8.8.8.8ಕ್ಕೆ ಪಿಂಗ್ ಮಾಡಿ. ಅದು ಟೈಮ್ಡ್ ಔಟ್ ಆದರೆ ತೊಂದರೆ ಹೊರಗಿನದು. ಅದೂ ಬರುತ್ತಿದ್ದು ವೆಬ್‌ಸೈಟ್ ಹೆಸರು ಕೊಟ್ಟಾಗ ಮಾತ್ರ ಸೋತರೆ ಡಿಎನ್ಎಸ್, ಅಂದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಕೈಕೊಟ್ಟಿದೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್ಎಸ್ ಅನ್ನು ಮ್ಯಾನುಯಲ್ ಮಾಡಿ 1.1.1.1 ಮತ್ತು 8.8.8.8 ಹಾಕಿದರೆ ಆಯಿತು.

ಇನ್ನು ಹೆಚ್ಚಿನವರು ನೋಡದ ಒಂದು ಸಂಖ್ಯೆ. ಬ್ರೌಸರಿನಲ್ಲಿ 192.168.1.1 ತೆರೆದು, ಮೋಡೆಮ್ಮಿನ ಅಡಿಯಲ್ಲಿ ಅಂಟಿಸಿರುವ ಹೆಸರು-ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಸ್ಟೇಟಸ್ ಪುಟದಲ್ಲಿ ಪಾನ್ ಅಥವಾ ಆಪ್ಟಿಕಲ್ ಎಂಬ ಕಡೆ ಆರ್‌ಎಕ್ಸ್ ಪವರ್ ಎಂದಿರುತ್ತದೆ, ಎದುರಿಗೆ –19 ಅಥವಾ –23 ಡಿಬಿಎಂ ಅಂತ ಒಂದು ಲೆಕ್ಕ. ಮನೆಗೆ ತಲುಪುವ ಬೆಳಕಿನ ಅಳತೆ ಅದು. ಮೈನಸ್ ಇರುವುದರಿಂದ –19 ಚೆನ್ನ, –27 ಬಡಕಲು. 3 ಡಿಬಿ ಇಳಿದರೆ ಬೆಳಕು ಅರ್ಧವಾಯಿತು ಎಂದು ಲೆಕ್ಕ. –15ರಿಂದ –25ರೊಳಗೆ ಇದ್ದರೆ ನಿಶ್ಚಿಂತೆ. –27ಕ್ಕೆ ಬಂತೆಂದರೆ ಅಂಚಿನಲ್ಲಿ ನಿಂತ ಹಾಗೆ, –28 ದಾಟಿದರೆ ಸಾಮಾನ್ಯವಾಗಿ ಕೆಂಪು ದೀಪವೇ ಗತಿ. ಬೇಸಿಗೆಯಲ್ಲಿ ಎಲ್ಲ ಸರಿ ಇದ್ದಾಗಲೇ ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಮಳೆಗಾಲದಲ್ಲಿ ಮತ್ತೆ ನೋಡಿ. –20 ಇದ್ದದ್ದು ಎರಡು ವಾರದಲ್ಲಿ –25 ಆಗಿದ್ದರೆ ಕೇಬಲ್ ಎಲ್ಲೋ ಮಡಿಚಿಕೊಳ್ಳುತ್ತಿದೆ, ಇಲ್ಲವೇ ಕಂಬದ ಜಾಯಿಂಟ್ ಡಬ್ಬಿಗೆ ನೀರು ಇಳಿದಿದೆ. ನೆಟ್ ಪೂರ್ತಿ ಹೋಗುವ ಮೊದಲೇ ದೂರು ಕೊಡಬಹುದಾದದ್ದು ಇದೊಂದು ಸಂಖ್ಯೆಯ ಬಲದಿಂದ.

ಫೈಬರಿನ ನಾರು ಎಂದರೆ ತೆಳ್ಳಗಿನ ಗಾಜು, ಕರೆಂಟ್ ವೈರಿನ ಹಾಗೆ ಮೂಲೆಗೆ ಒತ್ತಿ ಬಗ್ಗಿಸುವಂತಿಲ್ಲ. ಮನೆಗೆ ಎಳೆಯುವ ಒಳ್ಳೆಯ ನಾರು 10 ಮಿಲಿಮೀಟರ್ ತ್ರಿಜ್ಯದವರೆಗೆ ಬಾಗಿದರೂ ತಾಳಿಕೊಳ್ಳುತ್ತದೆ, ಹಳೆಯ ಬಗೆಯದ್ದಕ್ಕೆ 30 ಬೇಕು. ಯಾವುದು ಎಳೆದಿದ್ದಾರೆ ಅಂತ ನೋಡಿ ಹೇಳಲಾಗುವುದಿಲ್ಲವಾದ್ದರಿಂದ ಹೆಚ್ಚುವರಿ ಕೇಬಲ್ ಅನ್ನು ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿಡಿ. ಆ ಸುರುಳಿ ಮೂರು ನಾಲ್ಕು ಮೀಟರ್ ಇರಲಿ. ಕೇಬಲ್ ಒಮ್ಮೆ ಕಡಿದರೆ ಹೊಸದು ಎಳೆಯದೆ ಅದರಿಂದಲೇ ಜೋಡಿಸಬಹುದು. ಗೋಡೆಯ ತೂತಿಗೆ ಹೋಗುವ ಮುಂಚೆ ಕೇಬಲ್ ಕೆಳಗೆ ಜೋತು ಮತ್ತೆ ಮೇಲೇರಿ ಒಳಹೋಗಬೇಕು. ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದು ಸೀದಾ ಮೋಡೆಮ್ಮಿನ ತಲೆಗೆ ಇಳಿಯುತ್ತದೆ.

ನಮ್ಮ ಕಡೆ ಕೇಬಲ್ಲಿಗೆ ಶತ್ರುಗಳು ಜಾಸ್ತಿ. ತೋಟದ ಮೇಲೆ ಹಾಯಿಸಿದರೆ ಅಡಿಕೆ ಸೋಗೆ ಹಾಳೆ ಸಮೇತ ಬಂದು ಬೀಳುತ್ತದೆ. ಮಂಗಗಳು ಜೋತಾಡುತ್ತವೆ, ಅಳಿಲು ಸಿಪ್ಪೆ ಕಡಿಯುತ್ತದೆ. ಹತ್ತು ಮೀಟರ್ ಹೆಚ್ಚು ಖರ್ಚಾದರೂ ಕೇಬಲ್ ತೋಟದ ಅಂಚಿನಲ್ಲಿ, ದಾರಿಯ ಕಡೆಯಿಂದ ಬರಲಿ. ಬಟ್ಟೆ ಒಣಗಿಸಲು ಅದನ್ನು ಹಗ್ಗ ಮಾಡಿಕೊಳ್ಳುವುದು ಬೇಡ (ಮಾಡುವವರಿದ್ದಾರೆ). ಮೋಡೆಮ್ಮಿಗೆ ಚುಚ್ಚುವ ಪಿನ್ ಹಸಿರು ಬಣ್ಣದ್ದಿದ್ದರೆ ಅದರ ತುದಿ ಓರೆ, ನೀಲಿಯದ್ದು ಓರೆಯಲ್ಲ. ಹಸಿರಿಗೆ ನೀಲಿ ಜೋಡಿಸಿದರೆ ಹಿಡಿದುಕೊಂಡಂತೆ ಕಂಡರೂ ಬೆಳಕು ಸೋರಿಹೋಗುತ್ತದೆ. ಪಿನ್ ತುದಿಯನ್ನು ಪಂಚೆಯ ಚುಂಗಿನಿಂದ ಒರೆಸಬೇಡಿ, ಅದರೊಳಗೆ ಇಣುಕಲೂ ಬೇಡಿ. ಅಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ರಸ್ತೆ ಅಗಲ ಮಾಡುವ ಜೆಸಿಬಿ ಕಥೆ ಎಲ್ಲರಿಗೂ ಗೊತ್ತು. ಅಗೆಯುವ ಮುಂಚೆ ನೆಲದಡಿಯ ಕೇಬಲ್ಲಿನವರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರಲ್ಲಿ "ಕಾಲ್ ಬಿಫೋರ್ ಯು ಡಿಗ್" ಎಂಬ ಆ್ಯಪ್ ತಂದಿದೆ. ನಿಮ್ಮದೇ ಗದ್ದೆಯ ಅಂಚಿನಲ್ಲಿ, ರಸ್ತೆ ಬದಿ ಪೈಪ್ ಹಾಕಿಸುವಾಗ ಬಳಸಬಹುದು.

ಸಿಡಿಲಿನ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ: ಮಳೆಗಾಲ ಬಂತು, ಈಗ ಹುಷಾರಾಗಿರಬೇಕು ಅಂತ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ಕೊಂಬೆ ಬೀಳಿಸುತ್ತದೆ, ಕೇಬಲ್ ಕಡಿಯುತ್ತದೆ, ಗುಡುಗು ಮಾತ್ರ ಕಡಿಮೆ. ಮೋಡೆಮ್ ಸುಡುವ ಕಾಲ ಭರಣಿ-ಕೃತ್ತಿಕೆಯ ಏಪ್ರಿಲ್-ಮೇ ಸಂಜೆಗಳು, ಆಮೇಲೆ ಚಿತ್ತೆ-ಸ್ವಾತಿಯ ಅಕ್ಟೋಬರ್. ಫೈಬರಿಗೆ ಸಿಡಿಲಿಲ್ಲ ಎನ್ನುವುದೂ ಅರ್ಧ ಸತ್ಯವೇ. ಗಾಜು ವಿದ್ಯುತ್ ಹರಿಸುವುದಿಲ್ಲ, ನಿಜ. ಆದರೆ ಕೇಬಲ್ ಜೋಲದಂತೆ ಹಿಡಿಯುವ ಉಕ್ಕಿನ ತಂತಿ ಹರಿಸುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಗೇ ಕಟ್ಟಿ ಅಲ್ಲಿಗೇ ಕತ್ತರಿಸಬೇಕು, ಗಾಜಿನ ಎಳೆ ಮಾತ್ರ ಒಳಗೆ ಬರಬೇಕು. ಹಾಕುವ ದಿನವೇ ನಿಂತು ನೋಡಿಕೊಳ್ಳಿ. ಹಾಗೆ ಮಾಡಿದ ಮೇಲೂ ಕರೆಂಟ್ ಲೈನಿನಿಂದ ಬರುವುದು ಬಂದೇ ಬರುತ್ತದೆ. ಎಂಸಿಬಿ ಇದೆಯಲ್ಲ ಅಂದುಕೊಳ್ಳಬೇಡಿ. ಅದು ಬೀಳಲು ಮಿಲಿಸೆಕೆಂಡುಗಳು ಬೇಕು, ಸಿಡಿಲಿನ ಹೊಡೆತ ಮೈಕ್ರೋಸೆಕೆಂಡುಗಳಲ್ಲಿ ಮುಗಿದಿರುತ್ತದೆ. ಮೇನ್ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ಹೊಡೆತವನ್ನು ಅರ್ತಿಗೆ ಹರಿಸಿಬಿಡುವ ಸಾಧನ) ಕೂರಿಸಿದರೆ ಉಪಯೋಗವಿದೆ, ಅದಕ್ಕೆ ಅರ್ತ್ ಚೆನ್ನಾಗಿರಬೇಕು. ನೆಲ ಒಣಗಿ ಅರ್ತ್ ದುರ್ಬಲವಾಗುವುದು ಸರಿಯಾಗಿ ಅದೇ ಏಪ್ರಿಲ್-ಮೇ ತಿಂಗಳಲ್ಲಿ, ಹಾಗಾಗಿ ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ಇದೆಲ್ಲಕ್ಕಿಂತ ಅಗ್ಗದ ದಾರಿ, ದೂರದಲ್ಲಿ ಗುಡುಗು ಶುರುವಾದಾಗಲೇ ಪ್ಲಗ್ ಕೀಳುವುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಕಂಪ್ಯೂಟರಿನ ಲ್ಯಾನ್ ವೈರನ್ನೂ ತೆಗೆಯಿರಿ. ಫೈಬರ್ ಪಿನ್ ಹಾಗೇ ಇರಲಿ, ಪದೇಪದೇ ಕಿತ್ತರೆ ದೂಳು ಕೂರುತ್ತದೆ.

ಮನೆಯಿಂದ ಕೊಟ್ಟಿಗೆಯ ಸಿಸಿಟಿವಿಗೆ, ಅಡಿಕೆ ಸುಲಿಯುವ ಶೆಡ್ಡಿಗೆ ಲ್ಯಾನ್ ವೈರ್ ಎಳೆಯುವವರಿಗೆ ಇದನ್ನೇ ಇನ್ನೊಮ್ಮೆ ಹೇಳಬೇಕು: ಅಂಗಳ ದಾಟುವ ತಾಮ್ರ ಸಿಡಿಲಿಗೆ ಕೊಟ್ಟ ವೀಳ್ಯ. ಅಲ್ಲಿ ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನ್ ಆಗಿ ಬದಲಿಸುವ ಡಬ್ಬಿ) ಇಟ್ಟು ನಡುವೆ ಲೋಹದ ತಂತಿಯಿಲ್ಲದ ಫೈಬರ್ ಹಾಕಿಸಿ. ಲ್ಯಾನ್ ವೈರಿಗೆ 100 ಮೀಟರಿನ ಮಿತಿ, ಇದಕ್ಕೆ ಅದೂ ಇಲ್ಲ.

ಕರೆಂಟ್ ಹೋದಾಗ ನೆಟ್ ಯಾಕೆ ಹೋಗಬೇಕು? ಫೈಬರಿನಲ್ಲಿ ಬೆಳಕನ್ನು ಮನೆಮನೆಗೆ ಹಂಚುವ, ಕಂಬದ ಮೇಲಿನ ಸ್ಪ್ಲಿಟರಿಗೆ ಕರೆಂಟೇ ಬೇಡ. ಆಚೆ ಬದಿಯವರಿಗೆ ಬ್ಯಾಟರಿ ಇದ್ದು ನಿಮ್ಮ ಮೋಡೆಮ್ಮಿಗೂ ಇದ್ದರೆ ಮೆಸ್ಕಾಂ ಲೈನ್ ಇಡೀ ರಾತ್ರಿ ಬಾರದಿದ್ದರೂ ನಡೆಯುತ್ತದೆ. ಮಿನಿ ಯುಪಿಎಸ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ 8000 ಎಂಎಎಚ್ ನೋಡಿ ಮೋಸಹೋಗಬೇಡಿ. ಆ ಲೆಕ್ಕ ಒಳಗಿನ 3.7 ವೋಲ್ಟ್ ಸೆಲ್ಲಿನದು, ಅಂದರೆ ಸುಮಾರು 30 ವ್ಯಾಟ್‌ಅವರ್. ಅದನ್ನು 12 ವೋಲ್ಟಿಗೆ ಏರಿಸುವಾಗ ಒಂದಷ್ಟು ಶಾಖವಾಗಿ ಹೋಗಿ 25 ಉಳಿಯಿತೆನ್ನಿ. ಮೋಡೆಮ್ 8 ವ್ಯಾಟ್ ಎಳೆದರೆ ಮೂರು ಗಂಟೆ. ಮೋಡೆಮ್ಮಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ತನ್ನಿ. ಹೊರಗಿಂದ ಒಂದೇ ಥರ ಕಾಣುವ ಪಿನ್ನಿನ ಒಳತೂತು 2.1 ಮಿಲಿಮೀಟರ್ ಒಂದು, 2.5 ಇನ್ನೊಂದು. ಬಲ್ಬುಗಳು ಇದ್ದಕ್ಕಿದ್ದಂತೆ ಝಗ್ಗನೆ ಉರಿದರೆ ಲೈನಿನ ನ್ಯೂಟ್ರಲ್ ಕಡಿದಿರಬಹುದು, 230 ಇರಬೇಕಾದಲ್ಲಿ 400ರ ಹತ್ತಿರ ಬರಬಹುದು. ತಕ್ಷಣ ಮೇನ್ ಆರಿಸಿ 1912ಕ್ಕೆ ಫೋನ್ ಮಾಡಿ.

ವೈಫೈ ಬಗ್ಗೆ ಹೇಳುವುದಾದರೆ, ನಮ್ಮ ಹಳೆಯ ಮನೆಗಳ ಒಂದೂವರೆ ಅಡಿ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ. ಮಳೆನೀರು ಕುಡಿದ ಗೋಡೆಯನ್ನಂತೂ ಕೇಳಲೇಬೇಡಿ. ಮೋಡೆಮ್ ಇರುವ ಕೋಣೆಯಲ್ಲಿ 5, ಉಳಿದೆಡೆ 2.4. ದೂರದ ಕೋಣೆಗೆ ರಿಪೀಟರ್ ತರುವುದಕ್ಕಿಂತ ಮೂಲೆಯಲ್ಲಿ ಬಿದ್ದಿರುವ ಹಳೆಯ ರೂಟರೇ ಒಳ್ಳೆಯದು, ಅಗ್ಗದ ರಿಪೀಟರ್ ವೇಗವನ್ನು ಅರ್ಧ ಮಾಡುತ್ತದೆ. ಹಳೆಯದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮೋಡೆಮ್ಮಿನಿಂದ ತಂದ ವೈರನ್ನು ವ್ಯಾನ್ ತೂತಿಗಲ್ಲ, ಲ್ಯಾನ್ ತೂತಿಗೆ ಹಾಕಿ. ವೈಫೈ ಹೆಸರು-ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಒಂದಕ್ಕೆ 1, ಇನ್ನೊಂದಕ್ಕೆ 11. ಎಲ್ಲರೂ ಎಡವುವುದು ವಿಳಾಸದಲ್ಲಿ: ಎರಡೂ 192.168.1.1 ಆಗಿ ಕೂತರೆ ಎರಡೂ ಕೆಲಸ ಮಾಡುವುದಿಲ್ಲ. ವೈರಿನಲ್ಲಿ ವೇಗ ಸರಿಯಾಗಿ 100 ಎಂಬಿಪಿಎಸ್‌ಗೇ ನಿಂತುಬಿಟ್ಟರೆ ಎಂಟು ಎಳೆಗಳಲ್ಲಿ ಯಾವುದೋ ಪಿನ್ನಿಗೆ ಸರಿಯಾಗಿ ಕಚ್ಚಿಕೊಂಡಿಲ್ಲದಿರಬಹುದು. ವೇಗ ಅಳೆಯುವಾಗ ನೆನಪಿರಲಿ, 30 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 3.75 ಎಂಬಿ. 1 ಜಿಬಿ ಫೈಲಿಗೆ ನಾಲ್ಕೂವರೆ ನಿಮಿಷ ಹಿಡಿದರೆ ಅದು ನಿಧಾನವಲ್ಲ, ಲೆಕ್ಕ.

ಫೈಬರ್ ಕಡಿದ ದಿನಕ್ಕೆ ಮೊಬೈಲೇ ಗತಿ. ಗುಡ್ಡದ ಮರೆಯ ಮನೆಗಳಿಗೆ 700, 900 ಮೆಗಾಹರ್ಟ್ಸಿನ ಸಿಗ್ನಲ್ ಬಾಗಿ ಬಂದಷ್ಟು 2300 ಬರುವುದಿಲ್ಲ. ಫೋನಿನ ಸಿಮ್ ಸ್ಟೇಟಸ್‌ನಲ್ಲಿ –90 ಡಿಬಿಎಂ ಇರುವ ಜಾಗ ಹುಡುಕಿ ಅಲ್ಲಿಡಿ, –115 ಆದರೆ ಬಿಟ್ಟುಬಿಡಿ. ಹೆಂಚಿನ ಅಟ್ಟ ಆದೀತು, ಜಿಂಕ್ ಶೀಟಿನ ಕೆಳಗೆ ಬೇಡ. ಲ್ಯಾಪ್‌ಟಾಪ್ ಹತ್ತಿರವೇ ಇದ್ದರೆ ಹಾಟ್‌ಸ್ಪಾಟಿಗಿಂತ ಯುಎಸ್‌ಬಿ ಟೆದರಿಂಗ್ (ಫೋನನ್ನು ವೈರಿನಿಂದ ಜೋಡಿಸಿ ನೆಟ್ ಕೊಡುವುದು) ವಾಸಿ, ಫೋನ್ ಚಾರ್ಜೂ ಆಗುತ್ತದೆ. ಜೋಡಿಸಿದ ಕೂಡಲೇ ವಿಂಡೋಸ್ ಸೆಟ್ಟಿಂಗಿನಲ್ಲಿ ಆ ಸಂಪರ್ಕದ ಪ್ರಾಪರ್ಟೀಸ್ ತೆರೆದು ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಇಲ್ಲದಿದ್ದರೆ ದಿನದ ಡೇಟಾವನ್ನು ಅಪ್‌ಡೇಟೇ ಕುಡಿದುಬಿಡುತ್ತದೆ.

ಹಾಗಂತ ಅಪ್‌ಡೇಟನ್ನೇ ನಿಲ್ಲಿಸಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ 11ಕ್ಕೆ ಹೊಂದುತ್ತದೆಯೇ ಎಂದು ಅಪ್‌ಡೇಟ್ ಪುಟದಲ್ಲೇ ನೋಡಿ, ಫೈಬರ್ ಚೆನ್ನಾಗಿರುವ ದಿನ ಮುಗಿಸಿಕೊಳ್ಳಿ. ಬ್ಯಾಂಕ್ ಕೆಲಸ ಮಾಡುವ ಯಂತ್ರವಾದರೆ ಮುಂದೂಡುವ ಹಾಗೇ ಇಲ್ಲ.

ದೂರು ಕೊಡುವಾಗ ಡಾಕೆಟ್ (ದೂರಿನ) ಸಂಖ್ಯೆ ಕೇಳಿ ಬರೆದುಕೊಳ್ಳಿ. ಲೈನಿನ ಹುಡುಗನಿಗೆ ಮಾಡಿದ ವಾಟ್ಸ್ಆ್ಯಪ್ ದೂರಲ್ಲ, ಅದಕ್ಕೆ ಲೆಕ್ಕವಿಲ್ಲ. ಸಂಖ್ಯೆ ಇದ್ದರೆ ಕೆಲಸವಾಗದಾಗ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ 30 ದಿನದೊಳಗೆ ಬರೆಯಬಹುದು, ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಲ್ಲಿ ಅದಕ್ಕೆ ಶುಲ್ಕವಿಲ್ಲ. ದೂರಿನಲ್ಲಿ ಹೀಗೆ ಹೇಳಿ: "ಎಲ್‌ಒಎಸ್ ಕೆಂಪು, ಪಕ್ಕದ ಮನೆಯಲ್ಲಿ ನೆಟ್ ಇದೆ, ಹಿಂದಿನ ವಾರ ಪವರ್ –21 ಇತ್ತು, ನಿನ್ನೆ ಸಂಜೆ –26."