ಜರ್ಮನ್ ಕೀಬೋರ್ಡು, ಸತ್ತ ಟಚ್ಚು, ಮತ್ಸ್ಯಗಂಧದ ಟೈಮು

ಮುಂಬೈಯ ನಮ್ಮ ಮೊಬೈಲ್ ರಿಪೇರಿ ಅಂಗಡಿಯ ಹಳೇ ಟವರ್ ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೋದಾಗ ಮಾಲೀಕ ಸೇಠ್ ಅದನ್ನು ರಿಪೇರಿ ಮಾಡಿಸಲಿಲ್ಲ. ಪ್ರೀಲೋಡರ್ ವಿಕಾಮ್, ಕ್ಯೂಡಿಲೋಡರ್ 9008, ಕಂಡಕಂಡ ಬ್ರ್ಯಾಂಡಿನ ಎಡಿಬಿ ಅಂತ ಫೋನನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರುಗಳನ್ನೆಲ್ಲ ಕೂರಿಸಿ, ಸಹಿ ಇಲ್ಲದ ಡ್ರೈವರನ್ನು ವಿಂಡೋಸ್ ಒಪ್ಪದ ಸಿಗ್ನೇಚರ್ ರಗಳೆ ಮುಗಿಸಿ ನಾನು ಪಳಗಿಸಿಟ್ಟಿದ್ದ ಮೆಷಿನ್ ಅದು. ಬದಲಿಗೆ ಬಂದದ್ದು ಕಂಟೇನರಿನಲ್ಲಿ ಇಳಿದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ವೈ ಇರಬೇಕಾದಲ್ಲಿ ಝಡ್, ಬಲಗಡೆ ನೆತ್ತಿಯ ಮೇಲೆ ಎರಡೆರಡು ಚುಕ್ಕೆ ಹೊತ್ತ ಅಕ್ಷರಗಳು. ಜರ್ಮನ್ ಕೀಬೋರ್ಡು. "ಸಸ್ತೇ ಮೇ ಮಿಲಾ" ಅಂದರು ಸೇಠ್. ಲ್ಯಾಮಿಂಗ್ಟನ್ ರೋಡಿನಲ್ಲಿ ಅದರಾಚೆಗೆ ವಾದ ಇಲ್ಲ.

ಅದೇ ವಾರ ಮಾಟುಂಗಾದ ಹೋಟೆಲೊಂದರ ಮ್ಯಾನೇಜರ್ ಶೆಟ್ರು ಬಂದರು. ಫೋನ್ ಗಲ್ಲಾದಿಂದ ಕೆಳಗೆ ಬಿದ್ದು ಟಚ್ ಸತ್ತಿತ್ತು. ಡಿಸ್‌ಪ್ಲೇ ಬರುತ್ತಿತ್ತು, ಆದರೆ ಹಸಿರು ಗೆರೆ ಎಳೆದುಕೊಂಡು, ಈಗಲೋ ಆಗಲೋ ಎನ್ನುವ ಹಾಗೆ. ಒಳಗೆ ಊರಿನ ಜಾಗದ ಪಾಲುಪಟ್ಟಿಯ ಫೋಟೋಗಳು. ಮರುದಿನ ಕುಂದಾಪುರದಲ್ಲಿ ವಕೀಲರಿಗೆ ಕೊಡಬೇಕು, ಮಧ್ಯಾಹ್ನ ಕುರ್ಲಾ ಟರ್ಮಿನಸ್ಸಿನಿಂದ ಮತ್ಸ್ಯಗಂಧ ರೈಲು.

"ವಾಟ್ಸಾಪಲ್ಲಿ ಅಳಿಯನಿಗೆ ಕಳಿಸ್ಲಿಕ್ಕೆ ಆಗುದಿಲ್ವಾ ಮಾರಾಯಾ?"

"ಕ್ಲಿಯರ್ ಬರುದಿಲ್ಲ ಶೆಟ್ರೇ. ಎಲ್ಲ ಒಟ್ಟಿಗೆ ತೆಗ್ದು ಪೆನ್‌ಡ್ರೈವಿಗೆ ಹಾಕಿ ಕೊಡ್ತೇನೆ. ಹತ್ತು ನಿಮಿಷ."

ಹತ್ತು ನಿಮಿಷ ಎನ್ನುವುದು ನಮ್ಮ ಲೈನಿನವರ ಬಾಯಿಚಟ.

ಮೊದಲ ಭಾಗ ಸಲೀಸಾಗಿ ಆಯಿತು. ಫೋನಿಗೆ ಮೌಸ್ ಜೋಡಿಸುವ ಒಟಿಜಿ ಅಡಾಪ್ಟರಿಗೆ ಮೌಸ್ ಸಿಕ್ಕಿಸಿ, ಬಾಣದ ಗುರುತಿನಿಂದಲೇ ಪಿನ್ ಒತ್ತಿ ಲಾಕ್ ತೆಗೆದೆ. ಇಲ್ಲೊಂದು ಇಕ್ಕಟ್ಟಿದೆ: ಫೋನಿಗಿರುವುದು ಒಂದೇ ಪೋರ್ಟು. ಮೌಸ್ ಇದ್ದರೆ ಕೇಬಲ್ ಇಲ್ಲ, ಕೇಬಲ್ ಹಾಕಿದರೆ "ಫೈಲ್ ಟ್ರಾನ್ಸ್‌ಫರ್" ಒತ್ತಲು ಮೌಸ್ ಇಲ್ಲ. ಈಗಿನ ಆಂಡ್ರಾಯ್ಡ್ ಕೇಬಲ್ ಸಿಕ್ಕಿಸಿದೊಡನೆ ಬರೀ ಚಾರ್ಜ್ ಆಗುತ್ತ ಕೂರುತ್ತದೆ. ಅದಕ್ಕೇ ಬಿಲ್ಡ್ ನಂಬರ್ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ ತೆರೆದು, ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್ನನ್ನೇ ಫೈಲ್ ಟ್ರಾನ್ಸ್‌ಫರ್ ಮಾಡಿದೆ. ಸ್ಟೇ ಅವೇಕ್ ಆನ್, ಸ್ಕ್ರೀನ್ ಲಾಕ್ ಪೂರ್ತಿ ತೆಗೆದೆ. ಮೌಸ್ ಕಿತ್ತು ಕೇಬಲ್ ಹಾಕಿದೆ.

ಲ್ಯಾಪ್‌ಟಾಪ್ ಟುಂಯ್ ಅಂದಿತು. ಡಿವೈಸ್ ಮ್ಯಾನೇಜರಿನಲ್ಲಿ ಎಂಟಿಪಿ (ಫೋನಿನಿಂದ ಫೈಲ್ ಕಾಪಿ ಮಾಡುವ ದಾರಿ) ಅಂತಲೂ ಬಂತು, ಪಕ್ಕದಲ್ಲಿ ಹಳದಿ ಗುರುತು. ಹೆಸರು ಬಂದಿದೆ ಅಂದಮೇಲೆ ಕೇಬಲಿನ ಡೇಟಾ ಲೈನ್ ಸರಿ ಇದೆ, ಪೋರ್ಟೂ ಸರಿ ಇದೆ. ಹಾಗಾದರೆ ಡ್ರೈವರ್. ಅಲ್ಲಿಂದ ನನ್ನ ತಲೆ ಬೇರೆ ಕಡೆ ತಿರುಗಲೇ ಇಲ್ಲ. ಕಂಪನಿಯ ಯುಎಸ್‌ಬಿ ಡ್ರೈವರ್ ಹಾಕಿದೆ: "ಸಕ್ಸೆಸ್" ಅಂತ ಹಸಿರು ಟಿಕ್, ಹಳದಿ ಗುರುತು ಇದ್ದಲ್ಲೇ. ಸಿಗ್ನೇಚರ್ ಇರಬಹುದೆಂದು ಶಿಫ್ಟ್ ಹಿಡಿದು ರೀಸ್ಟಾರ್ಟ್, ಸ್ಟಾರ್ಟಪ್ ಸೆಟ್ಟಿಂಗಿನಲ್ಲಿ 7 ಒತ್ತಿ ಆ ತಪಾಸಣೆ ನಿಲ್ಲಿಸಿದೆ. ಲಿಸ್ಟಿನಿಂದ ನಾನೇ ಆರಿಸಿ ಎಂಟಿಪಿ ಡ್ರೈವರ್ ಹಚ್ಚಿದರೆ, ಡ್ರೈವರಿನ ಐಎನ್‌ಎಫ್ ಫೈಲಿನ ಸರ್ವಿಸ್ ಇನ್‌ಸ್ಟಾಲೇಶನ್ ಸೆಕ್ಷನ್ನೇ ಸರಿಯಿಲ್ಲ ಎಂಬ ಎರರ್. ಎಡಿಬಿಯಲ್ಲಿ, ಅಂದರೆ ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಟ್ಟು ಎಳೆಯೋಣವೆಂದರೆ ಆಂಡ್ರಾಯ್ಡ್ 4.2.2ರಿಂದೀಚೆಗೆ ಪರಿಚಯ ಇಲ್ಲದ ಕಂಪ್ಯೂಟರಿಗೆ ಫೋನ್ ಪರದೆಯ ಮೇಲೆ "ಅಲೋ" ಒತ್ತಿಸಿಕೊಳ್ಳುತ್ತದೆ. ಒತ್ತುವುದಕ್ಕೆ ಟಚ್ ಇಲ್ಲ, ಮೌಸ್ ಹಾಕಿದರೆ ಕೇಬಲ್ ಇಲ್ಲ. ಬ್ಲೂಟೂತ್ ಮೌಸ್ ಒಂದಿದ್ದರೆ ಒಟಿಜಿ ಮೌಸಿನಿಂದಲೇ ಅದನ್ನು ಪೇರ್ ಮಾಡಿ ಪೋರ್ಟ್ ಖಾಲಿ ಇಟ್ಟುಕೊಳ್ಳಬಹುದಿತ್ತು. ಸೇಠ್ ಹತ್ತಿರ ಎಷ್ಟೋ ಸಲ ಕೇಳಿದ್ದೆ. "ಬಾದ್ ಮೇ ದೇಖೇಂಗೆ."

ಶೆಟ್ರು ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದ್ದರು. ಅದು ಇನ್ನೂ ಕಷ್ಟ. ಫೋನಿನ ಹಸಿರು ಗೆರೆ ದಪ್ಪವಾಗುತ್ತಿತ್ತು. ಒಮ್ಮೆ ಪರದೆ ಪೂರ್ತಿ ಕಪ್ಪಾಗಿ ಮತ್ತೆ ಬಂತು. ಆ ಹೊತ್ತಿನಲ್ಲಿ ನಾವಿಬ್ಬರೂ ಉಸಿರು ಬಿಟ್ಟಿರಲಿಕ್ಕಿಲ್ಲ.

ಪಕ್ಕದ ಬೆಂಚಿನ ಯುಪಿ ಹುಡುಗ ಬೋರ್ಡಿನಿಂದ ಐಸಿ (ಚಿಪ್) ಎತ್ತುವವನು, ಸಾಫ್ಟ್‌ವೇರಿಗೆ ಕೈ ಹಾಕುವವನಲ್ಲ. ಬಾಗಿ ನೋಡಿ ಸೆಟ್ಟಿಂಗಿನ ಅಬೌಟ್ ತೆರೆದ. "ಭಯ್ಯಾ, ಯೇ ಪ್ರೊ ಎನ್ ಕ್ಯಾ ಹೈ?"

ವಿಂಡೋಸ್ 10 ಪ್ರೊ ಎನ್. 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕೆಂದು ಹೇಳಿತ್ತಲ್ಲ, ಆ ವಂಶದ್ದು ಇದು. ಪ್ಲೇಯರ್ ಹೋದರೆ ಹೋಗಲಿ, ಅದರ ಜೊತೆಗೇ ಎಂಟಿಪಿಯೂ ಹೋಗುತ್ತದೆ. ಫೈಲ್ ಕಾಪಿಗೆ ಬೇಕಾದ ಡ್ರೈವರ್ ಫೋನ್ ಕಂಪನಿಯದಲ್ಲ, ವಿಂಡೋಸಿನದೇ; ಅದು ಎನ್‌ನಲ್ಲಿ ಇಲ್ಲ. ಫೋನ್ ಕಂಪನಿಯ ಡ್ರೈವರ್ ಎಷ್ಟು ಇಳಿಸಿದರೂ ಇಲ್ಲ. ಯುರೋಪಿನ ಮೆಷಿನ್ ಅಂತ ಸಾರುವ ಕೀಬೋರ್ಡಿನ ಚುಕ್ಕೆಗಳು ಅಷ್ಟು ಹೊತ್ತೂ ನನ್ನ ಬೆರಳ ಕೆಳಗೇ ಇದ್ದವು.

ಆಪ್ಷನಲ್ ಫೀಚರ್ಸ್‌ನಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಹುಡುಕಿ ಹಾಕಿದೆ. ಡೌನ್‌ಲೋಡ್ ಆಗಬೇಕು, ಆಮೇಲೆ ರೀಸ್ಟಾರ್ಟ್. ಅಂಗಡಿಯ ವೈಫೈ ಮೇಲಿನ ಮಹಡಿಯವರ ಜೊತೆ ಹಂಚಿಕೊಂಡದ್ದು. ಪಟ್ಟಿ ಅಲುಗುತ್ತಿರಲಿಲ್ಲ.

ಕೊನೆಗೆ ಕೇಬಲ್ ಕಿತ್ತು ಮೌಸ್ ಹಾಕಿ, ಅದೇ ಫೋನಿನ ಡೇಟಾದಲ್ಲಿ, ಪಾಲುಪಟ್ಟಿಯ ಫೋಟೋಗಳನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಅಳಿಯನಿಗೆ ಕಳಿಸಿದೆ. ಹಾಗೆ ಕಳಿಸಿದರೆ ಫೋಟೋ ಕುಗ್ಗುವುದಿಲ್ಲ, ನನಗೆ ಗೊತ್ತಿಲ್ಲದ್ದೇನಲ್ಲ. ಕಟಿಂಗ್ ಚಾಯ್ ತಣಿಯುವುದರೊಳಗೆ ಮುಗಿಯಿತು. ಅಳಿಯ ಫೋನ್ ಮಾಡಿ "ಮಾವ, ಸ್ಟ್ಯಾಂಪಿನ ನಂಬರೂ ಓದ್ಲಿಕ್ಕೆ ಆಗ್ತದೆ" ಅಂದ.

"ನಾನು ಬಂದ ಕೂಡ್ಲೇ ಹೇಳಿದ್ದು ಇದನ್ನೇ ಅಲ್ವಾ?" ಅಂದರು ಶೆಟ್ರು. ಸಿಮ್ಮನ್ನು ಅಂಗಡಿಯ ಬಟನ್ ಫೋನಿಗೆ ಹಾಕಿಸಿಕೊಂಡು, ದಾದರಿನಲ್ಲಿ ಲೋಕಲ್ ಬದಲಿಸಬೇಕು ಎನ್ನುತ್ತ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಕಡೆ ಓಡಿದರು. ಗಾಡಿ ಸಿಕ್ಕಿತು.

ಸಂಜೆ ಪ್ಯಾಕ್ ಕೂತು ರೀಸ್ಟಾರ್ಟ್ ಆದಮೇಲೆ ಫೋನ್ ತಾನೇ ತೆರೆದುಕೊಂಡಿತು, ಏನೂ ಆಗಿಲ್ಲವೆಂಬಂತೆ. ಉಳಿದದ್ದನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಟ್ಟೆ. ಈಗ ಬೆಂಚಿಗೆ ಹೊಸ ಮೆಷಿನ್ ಬಂದರೆ ಮೊದಲು ಅಬೌಟ್ ನೋಡುತ್ತೇನೆ, ಆಮೇಲೆ ಚಾರ್ಜರ್ ಇದೆಯಾ ಅಂತ ಕೇಳುತ್ತೇನೆ. ಬ್ಲೂಟೂತ್ ಮೌಸನ್ನು ಸ್ವಂತ ದುಡ್ಡಿನಲ್ಲೇ ತಂದೆ. ಸೇಠಿಗೆ ಅದು ಬಹಳ ಇಷ್ಟವಾಗಿ, ಸದ್ಯ ಬಿಲ್ಲಿಂಗ್ ಕೌಂಟರಿನಲ್ಲಿದೆ.